ಖುರ್ಚಿಗಾಗಿಯೋ, ದೇಶಕ್ಕಾಗಿಯೋ?

ಪ್ರಶ್ನೆ: ನಮಸ್ಕಾರ ಸರ್. ಗದಗ ಹತ್ರದ ಹಳ್ಳ್ಯಾಂವ, ಧಾರವಾಡದ ಸಪ್ತಾಪುರದಾಗ ರೂಮ್ ಮಾಡ್ಕೊಂಡು ಕೆಎಎಸ್‌ಗೆ ಓದಾಕತ್ತೀನಿ. ಮೊನ್ನೆ ರಾತ್ರಿ ಬ್ರೆಕ್ಸಿಟ್ ಮ್ಯಾಲೆ, ಅಂದ್ರ ಬ್ರಿಟನ್ ಐರೋಪ್ಯ ಒಕ್ಕೂಟ ಬಿಟ್ಟದ್ದರ ಮ್ಯಾಲೆ, ದೊಡ್ಡ ವಾದ ಆತ್ರಿ. ಒಬ್ಬಾಂವ ‘ಎಲ್ಲಾ ಖುರ್ಚಿ ಆಸೆ’ ಅಂದ. ಇನ್ನೊಬ್ಬಾಂವ ‘ಸಾರ್ವಭೌಮತ್ವದ ಪ್ರಶ್ನೆ’ ಅಂತ ಪಟ್ಟು ಹಿಡಿದ. ಮೂರನೇದಾಂವ ‘ಧಾರವಾಡಕ್ಕ ಬ್ಯಾರೆ ಪಾಲಿಕೆ ಕೇಳಿದಂಗ ಅದು’ ಅಂದ. ನಾಯಕರು ದೇಶಾನ ಒಕ್ಕೂಟದಿಂದ ಹೊರಗ ತರೂದು ಖರೇನ ಯಾಕ್ರಿ?

ಉತ್ತರ: ಮೂರನೇ ಗೆಳೆಯನಿಂದಲೇ ಶುರು ಮಾಡೋಣ, ಅವನ ಮಾತು ನನಗೆ ಹಿಡಿಸಿತು. 1962ರಲ್ಲಿ ಹುಬ್ಬಳ್ಳಿ–ಧಾರವಾಡ ಸೇರಿ ಒಂದೇ ಪಾಲಿಕೆ ಆಯಿತು. ‘ಅನುದಾನವೆಲ್ಲ ಹುಬ್ಬಳ್ಳಿಗೆ, ಉಳಿದದ್ದು ನಮಗೆ’ ಎಂಬ ಗೊಣಗಾಟ ಕೇಳುತ್ತಲೇ ನನ್ನ ತಲೆ ಬೆಳ್ಳಗಾಯಿತು. 2025ರ ಜನವರಿಯಲ್ಲಿ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಕೊಡಲು ರಾಜ್ಯ ಸಂಪುಟ ಒಪ್ಪಿತು. 2016ರಲ್ಲಿ ಬ್ರಿಟನ್ನಿನಲ್ಲಿ ‘ಹೋಗೋಣ’ ಎಂದವರ ಪ್ರಚಾರದ ಬಸ್ಸಿನ ಮೇಲೆ ಬರೆಸಿದ್ದೂ ಇದೇ ಧಾಟಿಯದು: ವಾರಕ್ಕೆ 35 ಕೋಟಿ ಪೌಂಡ್ ಐರೋಪ್ಯ ಒಕ್ಕೂಟಕ್ಕೆ ಹೋಗುತ್ತಿದೆ, ಅದನ್ನು ನಮ್ಮ ಆರೋಗ್ಯ ಸೇವೆಗೆ ಹಾಕೋಣ. ಬ್ರಿಟನ್ನಿಗೆ ಸಿಗುತ್ತಿದ್ದ ರಿಯಾಯಿತಿಯನ್ನು ಕಳೆಯದೆ ಹಾಕಿದ ಲೆಕ್ಕ ಅದು. ದಾರಿ ತಪ್ಪಿಸುವಂಥದ್ದೆಂದು ಅಲ್ಲಿಯ ಅಂಕಿಅಂಶ ಪ್ರಾಧಿಕಾರವೇ ಹೇಳಿತು. ಬಸ್ಸು ಮಾತ್ರ ಓಡುತ್ತಲೇ ಇತ್ತು.

ಆದರೆ ಹೋಲಿಕೆ ಅಲ್ಲಿಗೆ ಮುಗಿಯಿತು. ಇಲ್ಲಿ ಬೇರೆಯಾಗಬೇಕೆಂದವರೇ ಕೇಳಿದರು. ಅಲ್ಲಿ ಬಾಗಿಲ ಚಿಲಕ ತೆಗೆದ ಪ್ರಧಾನಿ ಡೇವಿಡ್ ಕ್ಯಾಮರೂನ್‌ಗೆ ಹೊರಹೋಗುವ ಮನಸ್ಸೇ ಇರಲಿಲ್ಲ! ಬ್ರೆಕ್ಸಿಟ್ ಬಗ್ಗೆ ಬರೆಯುವ ಹುಡುಗರು ಎಡವುವುದೇ ಇಲ್ಲಿ. ಕ್ಯಾಮರೂನ್‌ರ ತಲೆನೋವು ಇದ್ದದ್ದು ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್‌ನಲ್ಲಲ್ಲ, ಸ್ವಂತ ಕನ್ಸರ್ವೇಟಿವ್ ಪಕ್ಷದೊಳಗೆ. 2011ರಲ್ಲಿ ಜನಮತಗಣನೆ ಬೇಕೆಂದು 81 ಸ್ವಪಕ್ಷೀಯ ಸಂಸದರು ಅವರ ಮಾತು ಮೀರಿ ಮತ ಹಾಕಿದರು. ಹೊರಗಿನಿಂದ, ಒಕ್ಕೂಟ ಬಿಡಬೇಕೆನ್ನುತ್ತಿದ್ದ ನೈಜೆಲ್ ಫರಾಜ್‌ರ ಪಕ್ಷ ಮತ ಕೀಳುತ್ತಿತ್ತು. ಒಳಗಿನವರನ್ನು ಸುಮ್ಮನಾಗಿಸಿ ಹೊರಗಿನವರನ್ನು ತಡೆಯಲು ಕ್ಯಾಮರೂನ್ 2013ರ ಜನವರಿಯಲ್ಲಿ ಒಂದು ಮಾತು ಕೊಟ್ಟರು: ಮುಂದಿನ ಚುನಾವಣೆ ಗೆದ್ದರೆ ಜನರನ್ನೇ ಕೇಳುತ್ತೇನೆ. 2015ರಲ್ಲಿ ಬಹುಮತವೇ ಬಂತು. ಈಗ ಆ ಮಾತು ನುಂಗುವಂತಿರಲಿಲ್ಲ.

ಅವರಿಗೆ ಧೈರ್ಯ ಕೊಟ್ಟದ್ದು ಹಳೆಯ ಉದಾಹರಣೆ ಇರಬೇಕು ಅನ್ನುವುದು ನನ್ನ ಊಹೆ. 1975ರಲ್ಲಿ ಲೇಬರ್ ಪಕ್ಷ ಇದೇ ವಿಷಯಕ್ಕೆ ಒಡೆಯುವಂತಾದಾಗ ಆಗಿನ ಪ್ರಧಾನಿ ಹೆರಾಲ್ಡ್ ವಿಲ್ಸನ್ ಜನಮತಕ್ಕೆ ಬಿಟ್ಟರು. ಮಂತ್ರಿಗಳು ಯಾವ ಕಡೆಯಾದರೂ ಪ್ರಚಾರ ಮಾಡಲಿ ಎಂದರು. ಶೇ 67ರಷ್ಟು ಜನ ‘ಇರೋಣ’ ಎಂದರು, ಪಕ್ಷವೂ ಆಗಿನ ಮಟ್ಟಿಗೆ ಉಳಿಯಿತು. ಕ್ಯಾಮರೂನ್ ಅದೇ ದಾಳ ಉರುಳಿಸಿದರು. 2016ರ ಜೂನ್ 23ರಂದು ಶೇ 51.9ರಷ್ಟು ಜನ ‘ಹೋಗೋಣ’ ಎಂದರು. ಮರುದಿನ ಬೆಳಿಗ್ಗೆ ಅವರು ರಾಜೀನಾಮೆ ಘೋಷಿಸಿದರು.

ಇನ್ನು ಖುರ್ಚಿಯ ಮಾತು. ಬೋರಿಸ್ ಜಾನ್ಸನ್ ಆ ವರ್ಷ ಎರಡು ಲೇಖನ ಬರೆದಿಟ್ಟಿದ್ದರು, ಒಂದು ಬಿಡುವ ಪರ, ಇನ್ನೊಂದು ಇರುವ ಪರ. ತಲೆ ತಿಳಿಮಾಡಿಕೊಳ್ಳಲು ಬರೆದದ್ದು ಎಂಬುದು ಅವರ ಸಮಜಾಯಿಷಿ. ಮೂರು ವರ್ಷದ ಮೇಲೆ ಪ್ರಧಾನಿಯಾದರು. 2019ರ ಡಿಸೆಂಬರ್‌ನಲ್ಲಿ ಅದೇ ವಿಷಯದ ಮೇಲೆ 80 ಸ್ಥಾನಗಳ ಬಹುಮತ ಪಡೆದು, 2020ರ ಜನವರಿ 31ರಂದು ದೇಶವನ್ನು ಹೊರಗೆ ತಂದರು. ನಡುವೆ ಪ್ರಧಾನಿಯಾಗಿದ್ದ ತೆರೇಸಾ ಮೇ ಅವರ ಕಥೆ ಇನ್ನೂ ವಿಚಿತ್ರ. ‘ಇರೋಣ’ ಎಂದಿದ್ದವರೇ ಹೊರಹೋಗುವ ನೋಟಿಸು ಕೊಟ್ಟರು, ಆದರೆ ಅವರ ಒಪ್ಪಂದವನ್ನು ಸಂಸತ್ತು ಮೂರು ಸಲ ತಿರಸ್ಕರಿಸಿತು. ಇಲ್ಲಿಯವರೆಗೆ ನಿಮ್ಮ ಮೊದಲನೇ ಗೆಳೆಯ ಗೆದ್ದ.

ಆದರೆ ಕನ್ಸರ್ವೇಟಿವ್ ಪಕ್ಷದಲ್ಲಿ ಎನೋಕ್ ಪೊವೆಲ್ ಎಂಬೊಬ್ಬರಿದ್ದರು. ವಲಸಿಗರ ಬಗ್ಗೆ ಅವರಾಡಿದ ಮಾತು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ, ಅದಿರಲಿ. ಬ್ರಿಟನ್ ಐರೋಪ್ಯ ಸಮುದಾಯ (ಇಂದಿನ ಒಕ್ಕೂಟದ ಹಿಂದಿನ ರೂಪ) ಸೇರಿದ್ದಕ್ಕೆ ಸಿಟ್ಟಾಗಿ 1974ರ ಫೆಬ್ರುವರಿಯಲ್ಲಿ ಅವರು ಸ್ವಂತ ಪಕ್ಷದ ಟಿಕೆಟ್ ಬಿಟ್ಟು, ಎದುರಾಳಿ ಲೇಬರ್‌ಗೆ ಮತ ಹಾಕಿರೆಂದು ಜನರಿಗೆ ಹೇಳಿದರು. ಇತ್ತ ಲೇಬರ್‌ನ ಎಡಪಂಥೀಯ ಟೋನಿ ಬೆನ್ ಹೇಳುತ್ತಿದ್ದದ್ದು, ಕಾನೂನು ಮಾಡುವವರನ್ನು ಇಳಿಸುವ ಅಧಿಕಾರ ಮತದಾರನ ಕೈಯಲ್ಲೇ ಇರಬೇಕೆಂದು. ಇಂಥವರಿಗೆ ಖುರ್ಚಿಯ ಲೆಕ್ಕ ಹೊಂದುವುದಿಲ್ಲ. ನನ್ನ ಪ್ರಕಾರ ನಂಬುವವರು ಒಂದು ಗುಂಪು, ಗೆಲ್ಲುವವರು ಇನ್ನೊಂದು. ದಶಕಗಟ್ಟಲೆ ಬೂದಿಯೊಳಗೆ ಕೆಂಡ ಕಾಯ್ದವರು ಮೊದಲಿನವರು, ಅದರ ಮೇಲೆ ರೊಟ್ಟಿ ಬೇಯಿಸಿಕೊಂಡವರು ಎರಡನೆಯವರು.

ಬ್ರಿಟನ್ ಬಿಟ್ಟರೆ ಕಾರಣ ಇನ್ನೂ ಬರಿಗಣ್ಣಿಗೇ ಕಾಣುತ್ತದೆ. ಮಾಲಿ, ಬುರ್ಕಿನಾ ಫಾಸೊ, ನೈಜರ್ ದೇಶಗಳ ಸೇನಾಡಳಿತಗಾರರು ಪಶ್ಚಿಮ ಆಫ್ರಿಕಾದ ಒಕ್ಕೂಟ ಬಿಡುವುದಾಗಿ 2024ರ ಜನವರಿಯಲ್ಲಿ ಹೇಳಿದರು, ವರ್ಷ ತುಂಬಿದ ಮೇಲೆ ಬಿಟ್ಟರು. ದಂಗೆ ಎದ್ದವರ ಮೇಲೆ ಆ ಒಕ್ಕೂಟ ನಿರ್ಬಂಧ ಹೇರಿತ್ತು, ನೈಜರ್‌ಗೆ ಸೈನ್ಯ ಕಳಿಸುವ ಬೆದರಿಕೆಯನ್ನೂ ಹಾಕಿತ್ತು. ಪರೀಕ್ಷೆಯಲ್ಲಿ ‘ರಾಷ್ಟ್ರೀಯ ಹಿತಾಸಕ್ತಿ’ ಎಂದಷ್ಟೇ ಬರೆದು ಬರಬೇಡಿ. ಯಾರ ಹಿತ, ಯಾವ ತಿಂಗಳಲ್ಲಿ ಎಂದು ಬರೆಯಿರಿ.

ಪ್ರಶ್ನೆ: ಹೀಗೆ ಸಿಟ್ಟು ಮಾಡಿಕೊಂಡು ಹೋದವರು ತಿರುಗಿ ಬಂದದ್ದುಂಟೇ? (ಓದುಗರು, ರಾಣೆಬೆನ್ನೂರು)

ಉತ್ತರ: ಉಂಟು. ಭದ್ರತಾ ಮಂಡಳಿಯಲ್ಲಿ ಮಲೇಷ್ಯಾಕ್ಕೆ ಜಾಗ ಸಿಕ್ಕಿತೆಂದು ಅಧ್ಯಕ್ಷ ಸುಕರ್ಣೊ 1965ರ ಜನವರಿಯಲ್ಲಿ ಇಂಡೊನೇಷ್ಯಾವನ್ನು ವಿಶ್ವಸಂಸ್ಥೆಯಿಂದಲೇ ಹೊರಗೆ ತಂದರು. ಅವರ ಹಿಡಿತ ಸಡಿಲಾದ ಮೇಲೆ, 1966ರಲ್ಲಿ ದೇಶ ಮರಳಿತು. ಪಶ್ಚಿಮ ಸಹಾರಾದ ಜಗಳಕ್ಕೆ 1984ರಲ್ಲಿ ಆಫ್ರಿಕನ್ ಏಕತಾ ಸಂಘಟನೆ ಬಿಟ್ಟ ಮೊರಾಕ್ಕೊ, ಅದರ ಉತ್ತರಾಧಿಕಾರಿ ಆಫ್ರಿಕನ್ ಒಕ್ಕೂಟಕ್ಕೆ ಬಂದದ್ದು 2017ರಲ್ಲಿ. ನಮ್ಮ ನೆರೆಮನೆಯದೂ ಒಂದಿದೆ. ಬಾಂಗ್ಲಾದೇಶಕ್ಕೆ ಮಾನ್ಯತೆ ಸಿಗುತ್ತಿದ್ದ ಸಿಟ್ಟಿಗೆ 1972ರಲ್ಲಿ ಜುಲ್ಫಿಕರ್ ಅಲಿ ಭುಟ್ಟೊ ಪಾಕಿಸ್ತಾನವನ್ನು ಕಾಮನ್‌ವೆಲ್ತ್‌ನಿಂದ ಬಿಡಿಸಿದರು. 1989ರಲ್ಲಿ ಅದು ಮರಳಿ ಸೇರಿದಾಗ ಪ್ರಧಾನಿಯಾಗಿದ್ದವರು ಅವರ ಮಗಳು ಬೆನಜೀರ್.