ಡೇ ಕೇರ್ ಆಪರೇಷನ್‌ಗೆ ಹೋದರೆ ನರ್ಸ್‌ಗಳು ಕೇಳಿದ್ದನ್ನೇ ಯಾಕೆ ಮತ್ತೆ ಮತ್ತೆ ಕೇಳುತ್ತಾರೆ?

ಅಮ್ಮನ ಆಪರೇಷನ್ ದಿನ ಒಂದೇ ಪ್ರಶ್ನೆಯನ್ನು ಮೂವರು ಕೇಳಿದರು, ಈಗ ಅಪ್ಪನ ಹರ್ನಿಯಾಗೂ ಹೀಗೇನಾ ಅಂತ ಕೇಳಿದ್ದೀರಿ. ಹೌದು, ಹೀಗೇ. ನಾನು ಡೇ ಕೇರ್ ವಾರ್ಡಿನಲ್ಲಿ, ಅಂದರೆ ಆಪರೇಷನ್ ಆದ ದಿನವೇ ಮನೆಗೆ ಕಳಿಸುವ ವಾರ್ಡಿನಲ್ಲಿ ನರ್ಸ್, ಮೂರನೇ ಸಲ ಕೇಳುವವಳು ನಾನೇ.

ಯಾಕೆಂದರೆ ಉತ್ತರ ಬದಲಾಗುತ್ತದೆ. ಬಿಪಿ ಇದೆಯಾ ಅಂದರೆ ಇಲ್ಲ ಅನ್ನುತ್ತಾರೆ. ಮಾತ್ರೆ? "ದಿನಾ ಒಂದು ತಗೋತೀನಲ್ಲ ಸಿಸ್ಟರ್, ಅದಕ್ಕೇ ಬಿಪಿ ಇಲ್ಲ." ಒಬ್ಬ ಯಜಮಾನರು ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳಲ್ಲ ಅಂತ ಎರಡು ಸಲ ಹೇಳಿದ್ದರು. ನಾನು ಕೇಳುವಾಗ ಅವರ ಮನೆಯವರು ಪರ್ಸಿನಿಂದ ಒಂದು ಸ್ಟ್ರಿಪ್ ತೆಗೆದರು, ಹೆಸರಿದ್ದ ಕಡೆಯೇ ಕತ್ತರಿಸಿ ಹೋಗಿತ್ತು, ಅವರ ಮೆಡಿಕಲ್ ಶಾಪ್‌ಗೆ ಫೋನ್ ಮಾಡಿದ ಮೇಲೆ ಗೊತ್ತಾಯಿತು ಅದು ಕ್ಲೊಪಿಡೊಗ್ರೆಲ್, ರಕ್ತ ತೆಳು ಮಾಡುವ ಮಾತ್ರೆಯೇ ಅಂತ. ಅವರಿಗೆ ಸೊಂಟದ ಕೆಳಗೆ ಮರಗಟ್ಟಿಸಲು ಬೆನ್ನಿಗೆ ಇಂಜೆಕ್ಷನ್ ಕೊಡುವುದಿತ್ತು. ಅಲ್ಲಿ ಒಳಗೆ ರಕ್ತ ಸೋರಿ ನರ ಒತ್ತಿದರೆ ಕಾಲಿನ ಸ್ವಾಧೀನವೇ ಹೋಗಬಹುದು. ಆಪರೇಷನ್ ಮುಂದಕ್ಕೆ ಹಾಕಿದರು.

ಟೀ ಕತೆಯೂ ಇದೇ. ಏನೂ ತಿಂದಿಲ್ಲ ಅಂದವರು ಬೆಳಗ್ಗೆ ಅರ್ಧ ಲೋಟ ಟೀ ಕುಡಿದಿರುತ್ತಾರೆ, ಟೀ ತಿಂಡಿ ಅಲ್ವಲ್ಲ! ಸಾಮಾನ್ಯವಾಗಿ ಬರೀ ನೀರಿಗೆ 2 ಗಂಟೆ ಸಾಕು, ಹಾಲು ಬಿದ್ದರೆ 6 ಗಂಟೆ ಬೇಕು. ಅರಿವಳಿಕೆಯಲ್ಲಿ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ.

ಇನ್ನೊಂದು, ರಾತ್ರಿ ಎಷ್ಟು ಸಲ ಮೂತ್ರಕ್ಕೆ ಏಳುತ್ತೀರಿ ಅಂತ ಕೇಳುತ್ತೇವೆ. ವಯಸ್ಸಾದ ಗಂಡಸರು ಮಗಳೆದುರು, ಸೊಸೆಯೆದುರು ಇದನ್ನು ಹೇಳುವುದಿಲ್ಲ. ಆಗ ನೀವು ಸ್ವಲ್ಪ ಹೊರಗೆ ಹೋಗಿ. ಈ ಉತ್ತರ ನಮಗೆ ಬೇಕಾಗುವುದು ಆಪರೇಷನ್ ಆದ ಮೇಲೆ. ಪದೇ ಪದೇ ಏಳುವುದು ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ) ತೊಂದರೆಯಿಂದ ಇರಬಹುದು, ಅದು ಇದ್ದವರಿಗೆ ಬೆನ್ನಿನ ಇಂಜೆಕ್ಷನ್ ಆದ ಮೇಲೆ ಮೂತ್ರ ಕಟ್ಟಿಕೊಳ್ಳುವುದು ಜಾಸ್ತಿ. ಮನೆಗೆ ಹೋಗುವ ಆಸೆಗೆ "ಆಯ್ತು, ಆಯ್ತು" ಅಂದುಬಿಡುತ್ತಾರೆ, ಕೈಯಿಟ್ಟು ನೋಡಿದರೆ ಕಿಬ್ಬೊಟ್ಟೆ ಬಿಗಿದುಕೊಂಡಿರುತ್ತದೆ. ಹಾಗೆ ಕಳಿಸಿದರೆ ನಡುರಾತ್ರಿ ನೋವಿನಲ್ಲಿ ಒದ್ದಾಡುತ್ತಾ ವಾಪಸ್ ಬರಬೇಕಾಗುತ್ತದೆ. ಅದಕ್ಕೇ ಸಂಜೆ ಮತ್ತೆ ಕೇಳುವುದು: ಮೂತ್ರ ಆಯ್ತಾ, ವಾಂತಿ ಬರ್ತಿದೆಯಾ, ಮನೆಯಲ್ಲಿ ರಾತ್ರಿ ಜೊತೆಗೆ ಯಾರಿರುತ್ತಾರೆ, ಹೇಗೆ ಹೋಗುತ್ತೀರಿ ಅಂತ. ಬೈಕ್ ಹಿಂದೆ ಕೂರಿಸಿಕೊಂಡು ಹೋಗ್ತೀನಿ ಅಂದರೆ ನಾನಂತೂ ಬಿಡುವುದಿಲ್ಲ.

ಅಪ್ಪನ ಮಾತ್ರೆಗಳನ್ನೆಲ್ಲ ಸ್ಟ್ರಿಪ್ ಕತ್ತರಿಸದೆ ಒಂದು ಕವರಿಗೆ ಹಾಕಿಕೊಂಡು ಹೋಗಿ, ನಾಟಿ ಔಷಧಿ ಏನಾದರೂ ಇದ್ದರೆ ಅದನ್ನೂ. ಯಾವುದನ್ನು ನಿಲ್ಲಿಸಬೇಕು ಅನ್ನೋದನ್ನು ಡಾಕ್ಟರೇ ಹೇಳಲಿ, ನೀವಾಗಿಯೇ ನಿಲ್ಲಿಸಬೇಡಿ.