ವಾಹನ ಪ್ರಶ್ನೋತ್ತರ: ಕ್ಯಾಂಪರ್ ಟ್ರೇಲರ್ ಎಳೆಯಲು ಎಂಥ ಟ್ರಕ್ಕು ಬೇಕು?

ಪ್ರಶ್ನೆ: ನಮ್ಮ ಮಗ ಅಮೆರಿಕದ ಡಲ್ಲಾಸ್ ನಗರದಲ್ಲಿದ್ದಾನೆ. ಬರುವ ಬೇಸಿಗೆಯಲ್ಲಿ ನಾನೂ ನನ್ನ ಪತ್ನಿಯೂ ಅಲ್ಲಿಗೆ ಹೋಗುವವರಿದ್ದೇವೆ. ಮಗ, ಸೊಸೆ, ಮೊಮ್ಮಗಳು ಮತ್ತು ನಾವಿಬ್ಬರು ಕೂಡಿ ಕೊಲರಾಡೊ ಬೆಟ್ಟಗಳ ಕಡೆ ತಿರುಗಾಡಲೆಂದು ಅವನು ಮೂವತ್ತು ಅಡಿ ಉದ್ದದ ಕ್ಯಾಂಪರ್ ಟ್ರೇಲರಿಗೆ (ವಾಹನದ ಹಿಂದೆ ಕಟ್ಟಿ ಎಳೆದೊಯ್ಯುವ ಗಾಲಿ ಮನೆಗೆ) ಮುಂಗಡ ಕೊಟ್ಟಿದ್ದಾನೆ. ಅದರ ಖಾಲಿ ತೂಕ 3,000 ಕಿಲೋ, ಸಾಮಾನು ತುಂಬಿದಾಗಿನ ಗರಿಷ್ಠ ತೂಕ 3,900 ಕಿಲೋ. ಅವನು ನೋಡಿಟ್ಟಿರುವ ಅರ್ಧ ಟನ್ ವರ್ಗದ ಪಿಕಪ್ ಟ್ರಕ್ಕು 5,000 ಕಿಲೋ ಎಳೆಯುತ್ತದೆ ಎಂದು ಅಂಗಡಿಯವರು ಹೇಳಿದ್ದಾರೆ. ಇಷ್ಟು ಸಾಕೇ?
— ಓದುಗರೊಬ್ಬರು, ಕಲಬುರಗಿ

ಉತ್ತರ: ನೀವು ಕೊಟ್ಟ ಅಂಕಿಗಳನ್ನು ಕಾಗದದ ಮೇಲೆ ಕೂಡಿಸಿ ನೋಡಿದ ಮೇಲೆ ಹೇಳುತ್ತಿದ್ದೇನೆ: ಆ ಟ್ರಕ್ಕು ಸಾಲದು. ಅಂಗಡಿಯವರು ಹೇಳಿದ 5,000 ಕಿಲೋ ಸುಳ್ಳಲ್ಲ, ಆದರೆ ಅದು ಎಳೆಯುವ ಬಲದ ಅಂಕಿ. ಅಲ್ಲಿನ ತಯಾರಕರು ಅನುಸರಿಸುವ ಪರೀಕ್ಷಾ ಕ್ರಮದಲ್ಲಿ ಟ್ರಕ್ಕಿನೊಳಗೆ ಚಾಲಕ ಮತ್ತು ಇನ್ನೊಬ್ಬ ಪ್ರಯಾಣಿಕ, ತಲಾ 68 ಕಿಲೋದವರು, ಕುಳಿತಿದ್ದಾರೆಂದು ಹಿಡಿದು ಆ ಅಂಕಿಯನ್ನು ಕಟ್ಟುತ್ತಾರೆ. ನಿಮ್ಮ ಟ್ರಕ್ಕಿನಲ್ಲಿ ಐವರು ಕೂರುತ್ತೀರಿ. ಟ್ರೇಲರ್ ಹಿಂದಿನಿಂದ ಜಗ್ಗುವುದಷ್ಟೇ ಅಲ್ಲ, ತನ್ನ ಭಾರದ ಒಂದು ಪಾಲನ್ನು ಟ್ರಕ್ಕಿನ ಬೆನ್ನಿನ ಮೇಲೆ ಇಡುತ್ತದೆ. ಮೊದಲು ಮುಗಿದುಹೋಗುವುದು ಟ್ರಕ್ಕಿನ ಎಳೆಯುವ ಶಕ್ತಿಯಲ್ಲ, ಹೊರುವ ಶಕ್ತಿ.

ನಮ್ಮ ಭಾಗದಲ್ಲಿ ಎತ್ತಿನ ಬಂಡಿ ಹೂಡಿದವರಿಗೆ ಈ ಭೇದವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾನು ಹುಡುಗನಾಗಿದ್ದಾಗ ರಾಶಿ ಮುಗಿದು ತೊಗರಿಯ ಚೀಲಗಳನ್ನು ಬಂಡಿಗೆ ಹೇರಿದ ಮೇಲೆ, ಎತ್ತು ಹೂಡುವ ಮೊದಲು, ಅಪ್ಪ ಮೂಕಿಯ ತುದಿಯನ್ನು ಒಂದು ಕೈಯಲ್ಲಿ ಎತ್ತಿ ನೋಡುತ್ತಿದ್ದರು. ಅದು ತೀರಾ ಹಗುರಾಗಿ ಎದ್ದರೆ ಭಾರ ಹಿಂದೆ ಬಿದ್ದಿದೆ, ಏರಿನಲ್ಲಿ ಮೂಕಿ ಮೇಲೆದ್ದು ಎತ್ತಿನ ಕೊರಳಪಟ್ಟಿ ಗಂಟಲನ್ನು ಒತ್ತುತ್ತದೆ ಎಂದು ಒಂದು ಚೀಲವನ್ನು ಮುಂದಕ್ಕೆ ಜರುಗಿಸುತ್ತಿದ್ದರು. ಎರಡೂ ಕೈ ಹಚ್ಚಿದರೂ ಏಳದಿದ್ದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ ಎಂದು ಹಿಂದಕ್ಕೆ ಸರಿಸುತ್ತಿದ್ದರು. ಎತ್ತು ಎಷ್ಟು ಕ್ವಿಂಟಲ್ ಎಳೆದೀತು ಎಂಬುದು ಒಂದು ಮಾತು, ಅದರ ಹೆಗಲು ಎಷ್ಟು ತಡೆದೀತು ಎಂಬುದು ಬೇರೆಯೇ ಮಾತು. ಕ್ಯಾಂಪರ್ ಟ್ರೇಲರಿನ ಮೂಕಿಯ, ಅಂದರೆ ಟ್ರಕ್ಕಿಗೆ ಜೋಡಿಸುವ ಮುಂದಿನ ದಂಡದ, ಮೇಲೆ ಅದರ ಒಟ್ಟು ತೂಕದ ನೂರಕ್ಕೆ 10ರಿಂದ 15ರಷ್ಟು ಭಾರ ಇರಲೇಬೇಕು. ಕಡಿಮೆಯಾದರೆ ಟ್ರೇಲರ್ ಹಾವಿನಂತೆ ಹೊಯ್ದಾಡುತ್ತದೆ, ಆದ್ದರಿಂದ ಇದನ್ನು ಕಡಿಮೆ ಮಾಡಿ ಲೆಕ್ಕ ಸರಿದೂಗಿಸುವ ದಾರಿಯೇ ಇಲ್ಲ.

ಈಗ ನಿಮ್ಮ ಲೆಕ್ಕ. 3,900 ಕಿಲೋಗೆ ನೂರಕ್ಕೆ 13ರಂತೆ ಹಿಡಿದರೆ ಮೂಕಿಯ ಭಾರ 507 ಕಿಲೋ. ಐವರ ತೂಕ ಹೆಚ್ಚುಕಡಿಮೆ 310 ಕಿಲೋ ಎಂದುಕೊಳ್ಳೋಣ. ಟ್ರೇಲರನ್ನು ಟ್ರಕ್ಕಿಗೆ ಜೋಡಿಸುವ, ಭಾರವನ್ನು ಹಂಚುವ ಕೊಂಡಿಗೆ, ಅಂದರೆ ಹಿಚ್‌ಗೆ, 45 ಕಿಲೋ. ಸೈಕಲ್ಲು, ಸೌದೆ, ತಂಪುಪೆಟ್ಟಿಗೆ, ಉಪಕರಣಗಳಿಗೆ 60 ಕಿಲೋ. ಒಟ್ಟು 922 ಕಿಲೋ ಆಯಿತು. ಅರ್ಧ ಟನ್ ವರ್ಗದ ಟ್ರಕ್ಕುಗಳಲ್ಲಿ, ಅದರಲ್ಲೂ ನಾಲ್ಕು ಬಾಗಿಲು, ಎಲ್ಲ ಚಕ್ರಗಳಿಗೂ ಚಾಲನೆ, ಚರ್ಮದ ಆಸನ, ಗಾಜಿನ ಮಾಡು ಇರುವ ದುಬಾರಿ ಮಾದರಿಗಳಲ್ಲಿ, ಹೊರುವ ಮಿತಿ 700 ಕಿಲೋದ ಆಸುಪಾಸಿನಲ್ಲಿಯೇ ನಿಂತುಬಿಡುವುದು ಸಾಮಾನ್ಯ. ಟ್ರೇಲರಿನ ತೂಕ ಎಳೆಯುವ ಮಿತಿಗಿಂತ ಸಾವಿರ ಕಿಲೋ ಕಡಿಮೆ ಇದ್ದರೂ ಟ್ರಕ್ಕು ತನ್ನ ಹೊರುವ ಮಿತಿಯನ್ನು ಇನ್ನೂರು ಕಿಲೋಗಿಂತ ಹೆಚ್ಚು ಮೀರಿ ಓಡುತ್ತಿರುತ್ತದೆ.

ನಿಮ್ಮ ಮಗನಿಗೆ ಮೊದಲು ಹೇಳಬೇಕಾದ ಕೆಲಸ ಇದು. ಕೊಳ್ಳಬೇಕೆಂದಿರುವ ಟ್ರಕ್ಕಿನ ಚಾಲಕನ ಬದಿಯ ಬಾಗಿಲನ್ನು ತೆರೆದರೆ ಚೌಕಟ್ಟಿನ ಮೇಲೆ ಹಳದಿ ಬಿಳಿ ಬಣ್ಣದ ಚೀಟಿಯೊಂದು ಅಂಟಿಸಿರುತ್ತದೆ. ಪ್ರಯಾಣಿಕರು ಮತ್ತು ಸಾಮಾನು ಕೂಡಿ ಇಷ್ಟು ಕಿಲೋ, ಇಷ್ಟು ಪೌಂಡು ಮೀರಬಾರದು ಎಂದು ಅದರ ಮೇಲೆ ಅಚ್ಚಾಗಿರುತ್ತದೆ. ಆ ಅಂಕಿ ಆ ಒಂದು ವಾಹನಕ್ಕೆ ಮಾತ್ರ ಸಂಬಂಧಿಸಿದ್ದು. ಅದೇ ಹೆಸರಿನ, ಅದೇ ಬಣ್ಣದ ಪಕ್ಕದ ಟ್ರಕ್ಕಿನ ಅಂಕಿ ನೂರಾರು ಕಿಲೋ ಬೇರೆ ಇರಬಹುದು. ಜಾಹೀರಾತಿನ ಪುಸ್ತಿಕೆಯನ್ನು ಪಕ್ಕಕ್ಕಿಟ್ಟು ಈ ಚೀಟಿಯ ಚಿತ್ರ ತೆಗೆದು ನಿಮಗೆ ಕಳಿಸಲಿ.

ನನ್ನ ತೀರ್ಮಾನದಲ್ಲಿ ನಿಮಗೆ ಬೇಕಾಗಿರುವುದು ಮುಕ್ಕಾಲು ಟನ್ ವರ್ಗದ ಟ್ರಕ್ಕು. ಫೋರ್ಡ್ ಎಫ್-250, ರಾಮ್ 2500, ಶೆವ್ರೊಲೆ ಸಿಲ್ವೆರಾಡೊ 2500 ಈ ವರ್ಗದವು. ಅರ್ಧ, ಮುಕ್ಕಾಲು, ಒಂದು ಟನ್ ಎಂಬವು ಹಿಂದಿನ ಕಾಲದಿಂದ ಉಳಿದುಬಂದ ಹೆಸರುಗಳಾಗಿದ್ದು ಇಂದಿನ ಹೊರೆಯನ್ನು ಸೂಚಿಸುವುದಿಲ್ಲ. ಈ ವರ್ಗದಲ್ಲಿ 1,200 ಕಿಲೋ ಅಥವಾ ಅದಕ್ಕೂ ಹೆಚ್ಚು ಹೊರುವ ಪೆಟ್ರೋಲ್ ಟ್ರಕ್ಕು ಸುಲಭವಾಗಿ ಸಿಗುತ್ತದೆ. ಡೀಸೆಲ್ ಬಗ್ಗೆ ನಮ್ಮಲ್ಲಿ ಗೌರವ ಹೆಚ್ಚು, ಅದು ನ್ಯಾಯವೂ ಹೌದು. ಆದರೆ ಇಲ್ಲಿ ಒಂದು ಮಾತು ಗಮನಿಸಬೇಕು. ಡೀಸೆಲ್ ಎಂಜಿನ್ ಪೆಟ್ರೋಲ್ ಎಂಜಿನ್ನಿಗಿಂತ ಬಹಳ ತೂಕದ್ದು, ಟ್ರಕ್ಕಿನ ಒಟ್ಟು ತೂಕದ ಮಿತಿ ಮಾತ್ರ ಎಷ್ಟೋ ಮಾದರಿಗಳಲ್ಲಿ ಎರಡಕ್ಕೂ ಒಂದೇ. ಹೀಗಾಗಿ ಎಂಜಿನ್ನಿನ ಹೆಚ್ಚಿನ ತೂಕ ನಿಮ್ಮ ಹೊರೆಯ ಪಾಲಿನಿಂದಲೇ ಕಡಿತವಾಗುತ್ತದೆ, ಹೆಚ್ಚು ಹಣ ಕೊಟ್ಟು ಕಡಿಮೆ ಹೊರುವ ಟ್ರಕ್ಕು ತಂದಂತಾಗುತ್ತದೆ.

ಹಾಗಿದ್ದರೂ ಕೊಲರಾಡೊ ಎಂದಿದ್ದೀರಿ, ಅಲ್ಲಿ ಡೀಸೆಲ್ ಪರವಾಗಿಯೂ ಮಾತಿದೆ. ನಮ್ಮ ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ. ಡೆನ್ವರಿನಿಂದ ಪಶ್ಚಿಮಕ್ಕೆ ಹೋಗುವ ಹೆದ್ದಾರಿ ಐಸೆನ್‌ಹೋವರ್ ಸುರಂಗದ ಹತ್ತಿರ ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರಕ್ಕೆ ಏರುತ್ತದೆ. ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಪೆಟ್ರೋಲ್ ಎಂಜಿನ್ ಪ್ರತಿ 300 ಮೀಟರ್ ಎತ್ತರಕ್ಕೆ ನೂರಕ್ಕೆ ಸುಮಾರು 3ರಷ್ಟು ಬಲ ಕಳೆದುಕೊಳ್ಳುವುದರಿಂದ ಅಲ್ಲಿ ಅದರ ಮೂರರಲ್ಲೊಂದು ಪಾಲು ಬಲ ಹೋಗಿಬಿಟ್ಟಿರುತ್ತದೆ. ಈ ಡೀಸೆಲ್ ಟ್ರಕ್ಕುಗಳಲ್ಲಿ ಟರ್ಬೊ ಇರುತ್ತದೆ, ಅಂಥ ಎಂಜಿನ್ನಿಗೆ ಈ ನಷ್ಟ ಬಹಳ ಕಡಿಮೆ. ಡೀಸೆಲ್ ಟ್ರಕ್ಕುಗಳಲ್ಲಿರುವ ಎಕ್ಸಾಸ್ಟ್ ಬ್ರೇಕ್ (ಎಂಜಿನ್ನಿನ ಹೊಗೆಯನ್ನು ತಡೆದು ವೇಗ ತಗ್ಗಿಸುವ ವ್ಯವಸ್ಥೆ) ಇಳಿಜಾರಿನಲ್ಲಿ ಕೊಡುವ ನೆಮ್ಮದಿಯನ್ನು ಘಾಟಿ ಇಳಿದ ಲಾರಿ ಚಾಲಕರನ್ನು ಕೇಳಿ ತಿಳಿಯಬೇಕು. ವರ್ಷಕ್ಕೊಮ್ಮೆ ಬೆಟ್ಟ ಹತ್ತುವುದಾದರೆ ಪೆಟ್ರೋಲ್ ತೆಗೆದುಕೊಂಡು ಏರಿನಲ್ಲಿ ನಿಧಾನವಾಗಿ ಹೋಗಲಿ. ರಜೆ ಸಿಕ್ಕಾಗಲೆಲ್ಲ ಅಲ್ಲಿಗೇ ಹೋಗುವವನಾದರೆ ಡೀಸೆಲ್ ಇರಲಿ, ಆದರೆ ಬಾಗಿಲಿನ ಚೀಟಿಯಲ್ಲಿ 1,000 ಕಿಲೋಗಿಂತ ಹೆಚ್ಚು ಇರುವುದನ್ನೇ ಹುಡುಕಲಿ.

ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ಹೆಚ್ಚಿದ್ದಷ್ಟೂ ಒಳ್ಳೆಯದು. ಪ್ರಯಾಣದ ಕಾರುಗಳಿಗೆ ಹಾಕುವ ಮೆದು ಟೈರು ಬೇಡ, ಲಘು ಟ್ರಕ್ಕಿನ ವರ್ಗದ ಗಟ್ಟಿ ಟೈರೇ ಇರಬೇಕು.

ಭಾರ ಹಂಚುವ ಹಿಚ್ ಎಂದೆನಲ್ಲ, ಅದು ಏಕೆ ಬೇಕೆಂಬುದಕ್ಕೆ ಶಹಾಬಾದಿನ ಕಡೆ ಕಲ್ಲುಗಣಿಯೊಂದರಲ್ಲಿ ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಎರಡು ಚಕ್ರದ ಟ್ರೇಲರಿನಲ್ಲಿ ಪರಸಿ ಕಲ್ಲನ್ನು ಮುಂಭಾಗಕ್ಕೇ ಒಟ್ಟಿದ್ದರು. ಗಣಿಯ ಏರು ಹತ್ತುವಾಗ ಟ್ರ್ಯಾಕ್ಟರಿನ ಮುಂದಿನ ಗಾಲಿಗಳು ನೆಲದಿಂದ ಒಂದು ಗೇಣು ಮೇಲೆದ್ದವು. ಚಾಲಕ ಸ್ಟಿಯರಿಂಗನ್ನು ಪೂರ್ತಿ ಬಲಕ್ಕೆ ತಿರುವಿದ್ದ, ಗಾಲಿಗಳು ಗಾಳಿಯಲ್ಲಿ ಬಲಕ್ಕೆ ಹೊರಳಿ ನಿಂತಿದ್ದವು, ಟ್ರ್ಯಾಕ್ಟರ್ ಮಾತ್ರ ನೇರವಾಗಿ ಅಂಚಿನ ಕಡೆಗೆ ಹೋಗುತ್ತಿತ್ತು. ಟ್ರ್ಯಾಕ್ಟರಿಗೆ ಎಡಬಲಕ್ಕೆ ಬೇರೆ ಬೇರೆ ಬ್ರೇಕ್ ಪೆಡಲ್ ಇರುವುದರಿಂದ ಬಲಗಡೆಯದನ್ನಷ್ಟೇ ತುಳಿದು ಅವನು ಉಳಿದುಕೊಂಡ. ಪಿಕಪ್ ಟ್ರಕ್ಕಿಗೆ ಆ ಸೌಕರ್ಯವಿಲ್ಲ. ಹಿಂದಿನ ತುದಿಯ ಮೇಲೆ 500 ಕಿಲೋ ಕುಳಿತಾಗ ಮುಂದಿನ ಗಾಲಿಗಳು ನೆಲ ಬಿಡದಿದ್ದರೂ ಹಗುರಾಗುತ್ತವೆ, ಸ್ಟಿಯರಿಂಗೂ ಬ್ರೇಕೂ ಮಂದವಾಗುತ್ತವೆ. ಈ ಹಿಚ್ಚಿನ ಉಕ್ಕಿನ ಸರಳುಗಳು ಆ ಭಾರದ ಒಂದಂಶವನ್ನು ಮುಂದಿನ ಅಚ್ಚಿಗೂ ಇನ್ನೊಂದಂಶವನ್ನು ಟ್ರೇಲರಿನ ಗಾಲಿಗಳಿಗೂ ದಾಟಿಸುತ್ತವೆ. ಅದು ಭಾರವನ್ನು ಹಂಚುತ್ತದೆಯೇ ಹೊರತು ಟ್ರಕ್ಕಿನ ಹೊರುವ ಮಿತಿಯನ್ನು ಹೆಚ್ಚಿಸುವುದಿಲ್ಲ.

ಟ್ರೇಲರಿನ ವಿದ್ಯುತ್ ಬ್ರೇಕುಗಳನ್ನು ಟ್ರಕ್ಕಿನೊಳಗಿಂದ ನಡೆಸುವ ಬ್ರೇಕ್ ನಿಯಂತ್ರಕ ಕಾರ್ಖಾನೆಯಿಂದಲೇ ಅಳವಡಿಸಿ ಬಂದಿರಲಿ. ಮೊದಲ ಪ್ರಯಾಣಕ್ಕೆ ಮುನ್ನ ಎಲ್ಲರೂ ಕುಳಿತು, ನೀರು ತುಂಬಿಸಿ, ಪಾತ್ರೆಪಡಗ ಇಟ್ಟುಕೊಂಡು ಕಾಟಾ ಮಾಡಿಸಬೇಕು. ನಮ್ಮ ಎಪಿಎಂಸಿಗೆ ಬರುವ ತೊಗರಿ ಲಾರಿಗಳನ್ನು ತೂಗುವಂತೆಯೇ ಅಲ್ಲಿಯೂ ಹೆದ್ದಾರಿ ಬದಿಯ ಲಾರಿ ತಂಗುದಾಣಗಳಲ್ಲಿ ತೂಕದ ಕಾಟಾಗಳಿವೆ. ಅವು ಮುಂದಿನ ಅಚ್ಚು, ಹಿಂದಿನ ಅಚ್ಚು, ಟ್ರೇಲರಿನ ಅಚ್ಚು ಹೀಗೆ ಬೇರೆ ಬೇರೆಯಾಗಿ ತೂಕ ಬರೆದ ಚೀಟಿ ಕೊಡುತ್ತವೆ.

ಪ್ರಶ್ನೆ: ನನ್ನಲ್ಲಿ ಸರಕು ಸಾಗಿಸುವ ಸಣ್ಣ ಪಿಕಪ್ ಇದೆ. ಇಂಥದೇ ಟ್ರೇಲರ್ ಮನೆಯನ್ನು ಇಲ್ಲಿಯೇ ಕಟ್ಟಿಸಿ ಎಳೆಯಬಹುದೇ?
— ಓದುಗರೊಬ್ಬರು, ಬೀದರ್

ಉತ್ತರ: ದಯವಿಟ್ಟು ಬೇಡ. ನಿಮ್ಮ ಪಿಕಪ್ಪನ್ನು ತೊಟ್ಟಿಯಲ್ಲಿ ಹೊರಲು ರೂಪಿಸಿದ್ದಾರೆ. ಎಷ್ಟು ಎಳೆಯಬಹುದೆಂದು ಮಾಲೀಕರ ಕೈಪಿಡಿಯಲ್ಲಿ ಬರೆದಿಲ್ಲದಿದ್ದರೆ ಎಳೆಯಬಾರದು ಎಂದೇ ಅರ್ಥ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರ್ ಕೂಡ ಮೋಟಾರು ವಾಹನವೇ ಆದ್ದರಿಂದ ಅದಕ್ಕೆ ತನ್ನದೇ ನೋಂದಣಿ ಬೇಕು, ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಕಟ್ಟಿಸಿದ್ದಕ್ಕೆ ಅದು ಸುಲಭವಾಗಿ ಸಿಗದು. ಹುಮನಾಬಾದ್, ಕಲಬುರಗಿ ಮಾರ್ಗದಲ್ಲಿ ರಾತ್ರಿ ಓಡುವ ಲಾರಿಗಳ ನಡುವೆ ಬ್ರೇಕಿಲ್ಲದ ಟ್ರೇಲರನ್ನು ಕುಟುಂಬದೊಂದಿಗೆ ಎಳೆದೊಯ್ಯುವುದನ್ನು ನೆನೆದರೇ ನನಗೆ ಎದೆ ಝಲ್ಲೆನ್ನುತ್ತದೆ. ಒಂದೇ ಚಾಸಿಯ ಮೇಲೆ ಕಟ್ಟಿದ, ಪರವಾನಗಿ ಪಡೆದ ಕ್ಯಾರವಾನನ್ನು, ಅಂದರೆ ಒಳಗೇ ಮನೆಯ ಸೌಕರ್ಯವಿರುವ ವಾಹನವನ್ನು, ಬಾಡಿಗೆಗೆ ಪಡೆಯಿರಿ.

ಪ್ರಶ್ನೆ: ಕೆನಡಾದಲ್ಲಿರುವ ನನ್ನ ತಮ್ಮನ ಕ್ಯಾಂಪರ್ ಟ್ರೇಲರ್ ತಾಸಿಗೆ 90 ಕಿಲೋಮೀಟರ್ ದಾಟಿದೊಡನೆ ತೂಗಾಡುತ್ತದೆಯಂತೆ. ಇನ್ನೂ ದೊಡ್ಡ ಟ್ರಕ್ಕು ಕೊಂಡರೆ ಸರಿಹೋಗುವುದೇ?
— ಓದುಗರೊಬ್ಬರು, ಯಾದಗಿರಿ

ಉತ್ತರ: ಭಾರದ, ಉದ್ದದ ಟ್ರಕ್ಕು ತೂಗಾಟವನ್ನು ಹೆಚ್ಚು ತಡೆದುಕೊಳ್ಳುತ್ತದೆ, ನಿಜ. ಆದರೆ ಕಾರಣ ಟ್ರೇಲರಿನಲ್ಲೇ ಇದ್ದರೆ ಹೊಸ ಟ್ರಕ್ಕಿಗೆ ಸುರಿದ ಹಣ ವ್ಯರ್ಥ. ಮೊದಲು ಮೂಕಿಯ ಭಾರ ತೂಗಿಸಲಿ. ಎಷ್ಟೋ ಟ್ರೇಲರುಗಳಲ್ಲಿ ನೀರಿನ ತೊಟ್ಟಿ ಅಚ್ಚಿನ ಹಿಂದಿರುತ್ತದೆ, ಹಿಂದಿನ ಬಂಪರಿಗೆ ಸೈಕಲ್ಲುಗಳನ್ನು ಕಟ್ಟಿರುತ್ತಾರೆ. 150 ಲೀಟರ್ ನೀರೆಂದರೆ 150 ಕಿಲೋ, ಅದು ಹಿಂದೆ ಕುಳಿತರೆ ಮೂಕಿ ಮೇಲೇಳುತ್ತದೆ. ಭಾರವಾದ ಸಾಮಾನನ್ನು ಅಚ್ಚಿನ ಮುಂದಕ್ಕೆ, ನೆಲಕ್ಕೆ ಹತ್ತಿರವಾಗಿ ಜೋಡಿಸಬೇಕು. ಟೈರಿನ ಗಾಳಿಯನ್ನು ಬೆಳಿಗ್ಗೆ ತಂಪಿರುವಾಗ ಅಳೆಯಬೇಕು. ಟ್ರೇಲರಿಗೆಂದೇ ಮಾಡಿದ ಅನೇಕ ಟೈರುಗಳ ವೇಗದ ಮಿತಿ ತಾಸಿಗೆ 105 ಕಿಲೋಮೀಟರ್ ಮಾತ್ರ ಎಂಬುದೂ ನೆನಪಿರಲಿ. ಇಷ್ಟಾದ ಮೇಲೂ ತೂಗಾಡಿದರೆ ತೂಗಾಟ ತಡೆಯುವ ಹಿಚ್ ಹಾಕಿಸಲಿ, ಟ್ರಕ್ಕಿನ ಮಾತು ಆಮೇಲೆ.

ದಾರಿಯಲ್ಲಿ ತೂಗಾಟ ಶುರುವಾದರೆ ಟ್ರಕ್ಕಿನ ಬ್ರೇಕ್ ತುಳಿಯಬಾರದು, ವೇಗ ಹೆಚ್ಚಿಸಿ ಪಾರಾಗಲೂ ನೋಡಬಾರದು. ಸ್ಟಿಯರಿಂಗನ್ನು ನೇರವಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲನೆ ತೆಗೆದು, ಬ್ರೇಕ್ ನಿಯಂತ್ರಕದ ಮೇಲಿರುವ, ಕೈಯಿಂದ ನಡೆಸುವ ಹಿಡಿಯನ್ನು ಒತ್ತಿ ಟ್ರೇಲರಿನ ಬ್ರೇಕನ್ನಷ್ಟೇ ಹಾಕಬೇಕು. ಆಗ ಹಿಂದಿನ ಟ್ರೇಲರ್ ಟ್ರಕ್ಕನ್ನು ಜಗ್ಗಿ ಹಿಡಿದಂತಾಗಿ ಎರಡೂ ಒಂದೇ ಗೆರೆಗೆ ಬರುತ್ತವೆ. ಆ ಹಿಡಿ ಎಲ್ಲಿದೆ ಎಂಬುದನ್ನು ಖಾಲಿ ಮೈದಾನದಲ್ಲಿ ನಿಂತಾಗಲೇ, ಕಣ್ಣು ಮುಚ್ಚಿಕೊಂಡರೂ ಕೈಗೆ ಸಿಗುವಷ್ಟು ಸಲ, ನಿಮ್ಮ ತಮ್ಮ ಅಭ್ಯಾಸ ಮಾಡಿಟ್ಟುಕೊಳ್ಳಲಿ.