ರೆಟಿನಾಲ್ ಉರಿಯುತ್ತದೆ, ಮೂರು ಪಟ್ಟು ಬೆಲೆಯ ಲೈಪೋಸೋಮ್ ಸೀರಮ್ ಕೊಳ್ಳಲೇ?

ಸುಕ್ಕಿಗೆ ಹಚ್ಚುವ ರೆಟಿನಾಲ್ (ವಿಟಮಿನ್ ಎ ಯ ಒಂದು ರೂಪ) ಉರಿಯುತ್ತಿದೆ, ಅದನ್ನೇ ಪುಟ್ಟ ಗುಳ್ಳೆಗಳಲ್ಲಿ ತುಂಬಿದ ಸೀರಮ್ ಬಗ್ಗೆ "ಲೈಪೋಸೋಮ್ ಇದ್ದರೆ ಚರ್ಮದ ಆಳಕ್ಕೆ ಇಳಿಯುತ್ತದಂತೆ" ಎಂದು ಬರೆದಿದ್ದೀರಿ. ನಾನೂ ಇದೇ ಮಾತು ನಂಬಿ ಕೊಂಡವಳು, ಕಲಬುರಗಿಯಲ್ಲಿ, ಅದೂ ಬೇಸಿಗೆಯಲ್ಲಿ.

ಮೊದಮೊದಲು ಚೆನ್ನಾಗಿಯೇ ಇತ್ತು. ಸಾದಾ ರೆಟಿನಾಲ್‌ಗೆ ಕೆಂಪಾಗುತ್ತಿದ್ದ ಕೆನ್ನೆ ಇದಕ್ಕೆ ಸುಮ್ನಿತ್ತು. ಆಮೇಲೆ ಮೇ ಬಂತು. ನಮ್ಮದು ಮೇಲಿನ ಮಹಡಿ, ಹೊರಗೆ 43 ಡಿಗ್ರಿ. ಅಷ್ಟು ದುಡ್ಡು ಕೊಟ್ಟದ್ದು ಕೆಡಬಾರದು ಅಂತ ಬಾಟಲಿಯನ್ನು ಫ್ರೀಜರ್‌ಗೆ ಹಾಕಿದೆ. ಫ್ರಿಜ್‌ಗಲ್ಲ, ಫ್ರೀಜರ್‌ಗೆ. ಕರೆಂಟ್ ಹೋದಾಗ ಕರಗುತ್ತಿತ್ತು, ಬಂದಾಗ ಮತ್ತೆ ಗಟ್ಟಿಯಾಗುತ್ತಿತ್ತು. ನಾನು ಸಂಜೆ ಹೊರಗಿಟ್ಟು, ಕರಗಿಸಿ, ಹಚ್ಚಿಕೊಳ್ಳುತ್ತಿದ್ದೆ.

ಇದು ಯಾಕೆ ತಪ್ಪು ಅಂತ ಬಿಡಿಸಿ ಹೇಳಲೇಬೇಕು. ಲೈಪೋಸೋಮ್ ಅಂದರೆ ಫಾಸ್ಫೋಲಿಪಿಡ್ ಎಂಬ ಒಂದು ಬಗೆಯ ಕೊಬ್ಬಿನ ಪುಟ್ಟ ಗುಳ್ಳೆ. ಹೆಚ್ಚಾಗಿ ಸೋಯಾ ಲೆಸಿಥಿನ್‌ನಿಂದ ಮಾಡುತ್ತಾರೆ. ಈ ಕೊಬ್ಬಿನ ಅಣುಗಳ ತಲೆಗೆ ನೀರು ಬೇಕು, ಬಾಲಕ್ಕೆ ನೀರು ಆಗದು. ಹಾಗಾಗಿ ನೀರಿನಲ್ಲಿ ತಾವೇ ಎರಡು ಪದರದ ಗೋಡೆ ಕಟ್ಟಿಕೊಳ್ಳುತ್ತವೆ. ವಿಟಮಿನ್ ಸಿ ಥರ ನೀರಲ್ಲಿ ಕರಗುವುದು ಗುಳ್ಳೆಯ ಒಳಗಿನ ನೀರಿನಲ್ಲಿರುತ್ತದೆ. ರೆಟಿನಾಲ್ ಎಣ್ಣೆಗೆ ಒಲಿಯುವುದು, ಅದು ಗೋಡೆಯಲ್ಲೇ ಸೇರಿಕೊಳ್ಳುತ್ತದೆ. ಹೆಪ್ಪುಗಟ್ಟಿದರೆ ಮಂಜಿನ ಹರಳುಗಳು ಆ ಗೋಡೆಯನ್ನೇ ಸೀಳುತ್ತವೆ. ಟೊಮೆಟೊ ಫ್ರೀಜರ್‌ನಲ್ಲಿಟ್ಟು ತೆಗೆದರೆ ಮೆತ್ತಗಾಗಿ ನೀರು ಬಿಡುತ್ತದಲ್ವಾ, ಹಾಗೆ. ಟೊಮೆಟೊದ ಜೀವಕೋಶದ ಪೊರೆಯೂ ಇಂಥದ್ದೇ ಎರಡು ಪದರ.

ನನ್ನ ಸೀರಮ್ ತರಿತರಿಯಾಗಿ ಒಡೆದಿತ್ತು. ಅಲುಗಾಡಿಸಿ ಹಚ್ಚಿದೆ. ಬಾಟಲಿಯ ರೆಟಿನಾಲ್ ಅಷ್ಟೇ ಇತ್ತು, ಅದನ್ನು ನಿಧಾನವಾಗಿ ಬಿಡುವ ಗೋಡೆ ಇರಲಿಲ್ಲ. ಮುಖ ಉರಿದು ಸಿಪ್ಪೆ ಎದ್ದಿತು. ನಮ್ಮಂಥ ಮೈಬಣ್ಣದಲ್ಲಿ ಉರಿ ಆರಿದ ಮೇಲೂ ಕಪ್ಪು ಕಲೆ ಉಳಿಯುತ್ತದೆ. ನನ್ನದು ದೀಪಾವಳಿ ಕಳೆದರೂ ಪೂರ್ತಿ ಹೋಗಿರಲಿಲ್ಲ.

ಈಗ ನಿಮ್ಮ ಪ್ರಶ್ನೆ. "ಆಳಕ್ಕೆ" ಅನ್ನುವುದನ್ನೇ ಬಿಡಿ. 1986ರಲ್ಲಿ ಡಿಯೋರ್ ಲೈಪೋಸೋಮ್ ಇರುವ 'ಕ್ಯಾಪ್ಚರ್' ಕ್ರೀಮ್ ತಂದಿತು. ಆವತ್ತಿಂದಲೂ ಜಾಹೀರಾತುಗಳು ಆಳದ ಮಾತೇ ಆಡುತ್ತಿವೆ. ಸಾಮಾನ್ಯ ಲೈಪೋಸೋಮ್ ಇಡಿಯಾಗಿ ಚರ್ಮ ದಾಟಿ ಹೋಗುವುದಿಲ್ಲ. ಚರ್ಮದ ತೀರಾ ಹೊರಗಿನ, ಸತ್ತ ಕೋಶಗಳ ಪದರ ಕೂದಲಿಗಿಂತ ತೆಳ್ಳಗೆ. ಗುಳ್ಳೆ ಅಲ್ಲೇ ಒಡೆದು, ಅಲ್ಲಿರುವ ಕೊಬ್ಬಿನ ಜೊತೆ ಬೆರೆಯುತ್ತದೆ. ರೆಟಿನಾಲ್ ಒಂದೇ ಸಲ ಮೈಮೇಲೆ ಬೀಳದೆ ಸ್ವಲ್ಪಸ್ವಲ್ಪವೇ ಇಳಿಯುತ್ತದೆ. ಉರಿ ಕಡಿಮೆಯಾಗುವುದು ಇದರಿಂದಲೇ. ಇದಕ್ಕಾಗಿ ದುಡ್ಡು ಕೊಡಬಹುದು, ಆಳಕ್ಕಾಗಿ ಬೇಡ.

ಆದರೆ ನಿಮಗೆ ಈಗಲೇ ಉರಿಯುತ್ತಿದೆಯಲ್ಲ, ಹೊಸದು ಕೊಳ್ಳುವುದೇ ಬೇಡ ಅಂತ ನನ್ನ ಮಾತು. ಇರುವುದನ್ನು ನಿಲ್ಲಿಸಿ, ಚರ್ಮ ತಣ್ಣಗಾಗಲಿ. ಆಮೇಲೆ ವಾರಕ್ಕೆ ಎರಡೇ ರಾತ್ರಿ, ಮೊದಲು ಮಾಯಿಶ್ಚರೈಸರ್ ಹಚ್ಚಿ ಅದರ ಮೇಲೆ. ಹಗಲು ಸನ್‌ಸ್ಕ್ರೀನ್ ಬಿಡಲೇಬೇಡಿ, ನಮ್ಮ ಬಿಸಿಲು ನಿಮಗೆ ಗೊತ್ತಲ್ಲ. ಇಷ್ಟಾದರೂ ಉರಿದರೆ ಬಿಸಿಲು ತಗ್ಗುವ ದೀಪಾವಳಿ ಹೊತ್ತಿಗೆ ಲೈಪೋಸೋಮ್ ಕೊಳ್ಳಿ, ಗಾಳಿ ಹೋಗದ ಪಂಪ್ ಬಾಟಲಿಯದ್ದು. ಲೇಬಲ್‌ನಲ್ಲಿ ಲೆಸಿಥಿನ್ ಕಂಡ ಮಾತ್ರಕ್ಕೆ ನಂಬಬೇಡಿ, ಅದನ್ನು ಎಣ್ಣೆ-ನೀರು ಬೆರೆಸಲೂ ಹಾಕುತ್ತಾರೆ. ಗರ್ಭಿಣಿಯಾಗಿದ್ದರೆ ರೆಟಿನಾಲ್ ಯಾವ ರೂಪದಲ್ಲೂ ಬೇಡ.